ವಿಯೋಲಾದವನು ಊರು ಬಿಟ್ಟ. ಕ್ವಾರ್ಟೆಟ್ ಮುಂದುವರಿಸಬೇಕಾ, ಅಮೇಡಿಯಸ್‌ನವರ ಹಾಗೆ ನಿಲ್ಲಿಸಬೇಕಾ?

ಚೆಲ್ಲೋ_ಮಲ್ಲೇಶ್ವರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಮಾಡಿಕೊಂಡಿದ್ದೆವು. ಎರಡು ವಯೋಲಿನ್, ಒಂದು ವಿಯೋಲಾ (ವಯೋಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ಕೆಳಗಿನದು), ಒಂದು ಚೆಲ್ಲೋ. ಚೆಲ್ಲೋ ನನ್ನದು. ಯಾರಿಗೂ ಇದು ಹೊಟ್ಟೆಪಾಡಲ್ಲ. ಇಬ್ಬರು ಸಾಫ್ಟ್‌ವೇರ್‌ನವರು, ಒಬ್ಬರು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾರೆ, ಒಬ್ಬಳು ಇನ್ನೂ ಎಂ.ಎಸ್ಸಿ ಓದುತ್ತಿದ್ದಾಳೆ. ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲೇ ಅಭ್ಯಾಸ. ಡಿಸೆಂಬರ್‌ನಲ್ಲಿ ಚರ್ಚ್‌ಗಳಲ್ಲಿ, ಆಗಾಗ ಯಾರದಾದರೂ ಮದುವೆಯಲ್ಲಿ ನುಡಿಸುತ್ತಿದ್ದೆವು.

ನಮ್ಮ ವಿಯೋಲಾ ಹುಡುಗನಿಗೆ ಹ್ಯಾಂಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಹೋದ. ಒಳ್ಳೆಯ ಕೆಲಸ, ಬೇಡ ಅನ್ನೋಕ್ಕಾಗಲ್ಲ. ಆದರೆ ನಾವು ಚೆಕ್ ಸಂಗೀತಗಾರ ಡ್ವೊರ್ಜಾಕ್‌ನ 'ಅಮೆರಿಕನ್' ಕ್ವಾರ್ಟೆಟ್ ತಯಾರು ಮಾಡುತ್ತಿದ್ದೆವು (ಈ ನಾಲ್ಕು ವಾದ್ಯಕ್ಕೆ ಬರೆದ ಕೃತಿಗೂ ಕ್ವಾರ್ಟೆಟ್ ಅಂತಲೇ ಹೆಸರು). ಕೇಳಿದವರಿಗೆ ಗೊತ್ತಿರುತ್ತೆ, ಅದರ ಮೊದಲ ಟ್ಯೂನ್ ಬರೋದೇ ವಿಯೋಲಾದಿಂದ. ವಯೋಲಿನ್ ಎರಡೂ ಮೆಲ್ಲಗೆ ನಡುಗುತ್ತಿರುತ್ತವೆ, ಕೆಳಗೆ ನಾನು ಎಫ್ ಸ್ವರ ಹಿಡಿದುಕೊಂಡಿರುತ್ತೇನೆ. ಆಮೇಲೆ ವಿಯೋಲಾ ಬರಬೇಕು. ಅವನು ಹೋದ ಮೇಲೆ ಒಂದು ಭಾನುವಾರ ಮೂವರೇ ಕೂತು ಶುರು ಮಾಡಿದೆವು. ನಾನು ಎಫ್ ಹಿಡಿದೇ ಇದ್ದೆ, ಏನೂ ಬರಲಿಲ್ಲ. ಎಂ.ಎಸ್ಸಿ ಹುಡುಗಿ ವಯೋಲಿನ್ ಕೆಳಗಿಟ್ಟುಬಿಟ್ಟಳು.

ಲಂಡನ್ನಿನ ಹೆಸರಾಂತ ಅಮೇಡಿಯಸ್ ಕ್ವಾರ್ಟೆಟ್‌ನ ವಿಯೋಲಾದವರು 1987ರಲ್ಲಿ ತೀರಿಹೋದಾಗ ಉಳಿದ ಮೂವರು ಇನ್ನೊಬ್ಬರನ್ನು ಸೇರಿಸಿಕೊಳ್ಳದೆ ಗುಂಪನ್ನೇ ಮುಚ್ಚಿದರು ಅಂತ ಓದಿದೆ. ಆವತ್ತಿನಿಂದ ಅದೇ ತಲೆಯಲ್ಲಿ ಕೊರೀತಾ ಇದೆ. ನಮ್ಮದರಲ್ಲಿ ಯಾರೂ ಸತ್ತಿಲ್ಲ, ಹೋಲಿಕೆ ಸರಿಯಲ್ಲ, ಗೊತ್ತು. ಆದರೂ ಕೇಳುತ್ತೇನೆ. ಅವರು ಯಾಕೆ ನಿಲ್ಲಿಸಿದರು? ಬೇರೆ ದೊಡ್ಡ ಕ್ವಾರ್ಟೆಟ್‌ಗಳಲ್ಲಿ ಜನ ಬದಲಾದಾಗ ಏನಾಯಿತು? ಬೆಂಗಳೂರಿನಲ್ಲಿ ವಿಯೋಲಾ ನುಡಿಸುವವರು ಸಿಗೋದೇ ಕಷ್ಟ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಧಾರವಾಡ_ರೆಕಾರ್ಡ್ಸ್ ಉತ್ತರ:

ಜನ ಬದಲಾದ ಕ್ವಾರ್ಟೆಟ್‌ಗಳ ವಿಷಯ ನನಗೆ ಸ್ವಲ್ಪ ಗೊತ್ತು. ಹಳೆ ಎಲ್‌ಪಿ ಸೇರಿಸುವ ಹುಚ್ಚು ನನಗೆ. ಕವರ್ ಹಿಂದೆ ಇರೋ ಹೆಸರುಗಳನ್ನು ನೋಡುತ್ತಾ ನೋಡುತ್ತಾ ಇದೆಲ್ಲ ತಲೆಗೆ ಹತ್ತಿದೆ.

ಬುಡಾಪೆಸ್ಟ್ ಕ್ವಾರ್ಟೆಟ್ ತಗೊಳ್ಳಿ. 1917ರಲ್ಲಿ ಹಂಗೇರಿಯಲ್ಲಿ ಶುರುವಾದದ್ದು. ಒಬ್ಬೊಬ್ಬರೇ ಬಿಡುತ್ತಾ, ಒಬ್ಬೊಬ್ಬರೇ ಸೇರುತ್ತಾ 1936ರ ಹೊತ್ತಿಗೆ ನಾಲ್ಕೂ ಜನ ರಷ್ಯಾ ಕಡೆಯವರೇ ಆಗಿದ್ದರು. ಹೆಸರು ಮಾತ್ರ ಬುಡಾಪೆಸ್ಟ್. ಆದರೆ ಜಗತ್ತು ಇವತ್ತು ನೆನಪಿಟ್ಟುಕೊಂಡಿರೋದು ಆ ರಷ್ಯನ್ನರ ಬೀಥೋವನ್‌ನನ್ನೇ. 1967ರವರೆಗೆ ನಡೀತು.

ಟಾಕಾಚ್ ಕ್ವಾರ್ಟೆಟ್ ಇನ್ನೂ ವಿಚಿತ್ರ. 1975ರಲ್ಲಿ ಬುಡಾಪೆಸ್ಟ್‌ನ ನಾಲ್ಕು ವಿದ್ಯಾರ್ಥಿಗಳು ಕಟ್ಟಿದ್ದು. ಮೊದಲ ವಯೋಲಿನ್ ಗಾಬೋರ್ ಟಾಕಾಚ್-ನಾಗಿ, ಅವರ ಹೆಸರೇ ಗುಂಪಿನ ಹೆಸರು. 1993ರಲ್ಲಿ ಅವರೇ ಹೊರಗೆ ಬಂದರು! ಆ ಜಾಗಕ್ಕೆ ಎಡ್ವರ್ಡ್ ಡುಸಿನ್‌ಬೆರ್ ಅನ್ನೋ ಇಂಗ್ಲಿಷ್ ಹುಡುಗ ಬಂದ. ಎರಡು ವರ್ಷಕ್ಕೆ ವಿಯೋಲಾದ ಗಾಬೋರ್ ಒರ್ಮೈ ತೀರಿಕೊಂಡರು. ಅಲ್ಲಿಗೆ ಮುಗೀತು ಅಂದುಕೊಳ್ಳಬೇಕಲ್ವಾ? ಇಲ್ಲ. ಅವರ ಬೀಥೋವನ್ ರೆಕಾರ್ಡುಗಳು ಬಂದದ್ದು ಅದಾದ ಮೇಲೆ. ನನ್ನ ಕಿವಿಗೆ ಅವೇ ಅವರ ಅತಿ ಒಳ್ಳೆಯ ರೆಕಾರ್ಡುಗಳು.

ಮಾಸ್ಕೋದ ಬೊರೊದಿನ್ ಕ್ವಾರ್ಟೆಟ್‌ನಲ್ಲಿ ವಾಲೆಂಟಿನ್ ಬೆರ್ಲಿನ್‌ಸ್ಕಿ ಅಂತ ಚೆಲ್ಲೋದವರು. 40ರ ದಶಕದಲ್ಲಿ ಕೂತವರು 2007ರವರೆಗೆ ಎದ್ದೇಳಲಿಲ್ಲ. ಸುತ್ತಲೂ ಮೂರು ಕುರ್ಚಿಗಳಲ್ಲಿ ಜನ ಬದಲಾಗುತ್ತಲೇ ಇದ್ದರು, ಇವರು ಅಲ್ಲೇ. ಚೆಲ್ಲೋದವರೇ, ಇದು ನಿಮಗೆ ಹೇಳಿದ್ದು!

ನಿಲ್ಲಿಸಿದವರೂ ಇದ್ದಾರೆ. ವಿಯೆನ್ನಾದ ಆಲ್ಬನ್ ಬೆರ್ಗ್ ಕ್ವಾರ್ಟೆಟ್ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಅಲ್ಲೂ ತೀರಿಹೋದದ್ದು ವಿಯೋಲಾದವರೇ, ಥಾಮಸ್ ಕಾಕುಸ್ಕ, 2005ರಲ್ಲಿ. ಅವರ ಶಿಷ್ಯೆ ಇಸಾಬೆಲ್ ಖಾರಿಸಿಯಸ್ ಅವರ ಜಾಗದಲ್ಲಿ ಕೂತರು. 2008ಕ್ಕೆ ಗುಂಪೇ ವಿದಾಯ ಹೇಳಿತು. ಅಮೇಡಿಯಸ್ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಒಬ್ಬರಿದ್ದಾರೆ. ಲಂಡನ್ ಮೇಡಂ ಬರಲಿ.

ವೀಣೆಯಿಂದ_ವಿಯೋಲಾ ಉತ್ತರ:

ಬಂದೆ. ಧಾರವಾಡದವರು ಕರೆದರೆ ಬರದೇ ಇರೋಕ್ಕಾಗುತ್ತಾ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂತ ಗೊತ್ತಾಗಲಿ. ಹುಟ್ಟಿದ್ದು ಮೈಸೂರಿನ ಅಗ್ರಹಾರದಲ್ಲಿ, ಮನೆಯಲ್ಲಿ ವೀಣೆ ಪಾಠ. ಮದುವೆಯಾಗಿ ಲಂಡನ್ನಿಗೆ ಬಂದು ಇಲ್ಲೊಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಇಲ್ಲಿಗೆ ಬಂದ ಮೇಲೆ ಸಂಜೆ ಕ್ಲಾಸಿಗೆ ಸೇರಿ ವಿಯೋಲಾ ಕಲಿತೆ. ಯಾಕೆ ವಿಯೋಲಾ ಅಂದರೆ, ಪೀಟರ್ ಶಿಡ್ಲಾಫ್ ಅವರನ್ನು ಕೇಳಿದ್ದಕ್ಕೆ. ಅಮೇಡಿಯಸ್‌ನ ವಿಯೋಲಾ ಅವರದೇ. 80ರ ದಶಕದ ಶುರುವಿನಲ್ಲಿ ವಿಗ್ಮೋರ್ ಹಾಲ್‌ನಲ್ಲಿ ಕೇಳಿದೆ. ಐನೂರು ಚಿಲ್ಲರೆ ಸೀಟಿನ ಸಣ್ಣ ಹಾಲ್ ಅದು. ಮೈಕ್ ಇಲ್ಲ. ಕಮಾನು ತಂತಿಯ ಮೇಲೆ ಕೂರುವ ಸದ್ದೂ ಕೇಳಿಸುತ್ತೆ. ವಿಯೋಲಾ ಅಂದರೆ ಮಧ್ಯದಲ್ಲಿ ಸುಮ್ನೆ ತುಂಬಿಸುವ ವಾದ್ಯ ಅಂದುಕೊಂಡಿದ್ದೆ. ಅವರು ನುಡಿಸಿದ್ದು ಹಾಗಿರಲಿಲ್ಲ. ಬೆಚ್ಚಗಿನ, ದಪ್ಪ ನಾದ. ಆದರೆ ಎಲ್ಲೂ ಭಾರ ಅನ್ನಿಸಲಿಲ್ಲ. ಪಕ್ಕದ ವಯೋಲಿನ್‌ಗೆ ಸರಿಸಮನಾಗಿ ಮಾತಾಡುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಅವರು ಯಾಕೆ ನಿಲ್ಲಿಸಿದರು ಅಂತ ತಿಳಿಯಬೇಕಾದರೆ ಹೇಗೆ ಸೇರಿದರು ಅನ್ನೋದನ್ನು ಮೊದಲು ತಿಳಿಯಬೇಕು.

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿಕೊಂಡ. ನಾರ್ಬರ್ಟ್ ಬ್ರೈನಿನ್, ಸಿಗ್ಮಂಡ್ ನಿಸೆಲ್, ಪೀಟರ್ ಶಿಡ್ಲಾಫ್ ಮೂವರೂ ಅಲ್ಲಿನ ಯಹೂದಿ ಮನೆಯ ಹುಡುಗರು. ಆಗ ಅವರಿಗೆ 15-16 ವಯಸ್ಸು. ಜೀವ ಉಳಿಸಿಕೊಳ್ಳಲು ಇಂಗ್ಲೆಂಡಿಗೆ ಬಂದರು. ಒಬ್ಬರಿಗೊಬ್ಬರು ಪರಿಚಯ ಇರಲಿಲ್ಲ. 1940ರಲ್ಲಿ ಬ್ರಿಟಿಷ್ ಸರ್ಕಾರ ಜರ್ಮನಿ, ಆಸ್ಟ್ರಿಯಾದಿಂದ ಬಂದ ಸಾವಿರಾರು ಜನರನ್ನು 'ಶತ್ರು ದೇಶದವರು' ಅಂತ ಹಿಡಿದು ಕ್ಯಾಂಪುಗಳಿಗೆ ಹಾಕಿತು. ಹಿಟ್ಲರ್‌ನಿಂದ ಓಡಿಬಂದ ಯಹೂದಿಗಳನ್ನೂ ಬಿಡಲಿಲ್ಲ! ಬ್ರೈನಿನ್, ಶಿಡ್ಲಾಫ್ ಭೇಟಿಯಾದದ್ದು ಶ್ರಾಪ್‌ಶೈರ್‌ನ ಪ್ರೀಸ್ ಹೀತ್ ಕ್ಯಾಂಪಿನಲ್ಲಿ. ಶಿಡ್ಲಾಫ್ ಅವರನ್ನು ಅಲ್ಲಿಂದ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ನಿಸೆಲ್ ಸಿಕ್ಕಿದರು. ಮುಳ್ಳುತಂತಿಯ ಒಳಗೆ ಕೂತು ಹುಡುಗರು ವಯೋಲಿನ್ ನುಡಿಸುತ್ತಿದ್ದರು.

ಬಿಡುಗಡೆಯಾದ ಮೇಲೆ ಮೂವರೂ ಲಂಡನ್ನಿನಲ್ಲಿ ಮ್ಯಾಕ್ಸ್ ರೋಸ್ಟಾಲ್ ಅನ್ನೋ ಗುರುಗಳ ಹತ್ತಿರ ಕಲಿತರು. ಅವರೂ ವಲಸೆ ಬಂದವರೇ. ಈ ಹುಡುಗರ ಹತ್ತಿರ ಫೀಸು ತಗೊಳ್ಳಲಿಲ್ಲ. ಇಲ್ಲೊಂದು ಮುಖ್ಯವಾದ ಸಂಗತಿ ಇದೆ, ದಯವಿಟ್ಟು ಗಮನಿಸಿ. ಮೂವರೂ ವಯೋಲಿನ್‌ನವರು. ವಿಯೋಲಾದವರು ಯಾರೂ ಇರಲಿಲ್ಲ. ಕ್ವಾರ್ಟೆಟ್ ಆಗಬೇಕಾದರೆ ಒಬ್ಬರು ವಯೋಲಿನ್ ಬಿಡಲೇಬೇಕು. ಶಿಡ್ಲಾಫ್ ಬಿಟ್ಟರು. ನಾನು ವಿಗ್ಮೋರ್‌ನಲ್ಲಿ ಕೇಳಿದ ಆ ನಾದ, ವಯೋಲಿನ್ ಬಿಟ್ಟು ಬಂದವರ ನಾದ.

ಚೆಲ್ಲೋಗೆ ಮಾರ್ಟಿನ್ ಲವೆಟ್ ಸಿಕ್ಕಿದರು. ನಾಲ್ವರಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿದವರು ಅವರೊಬ್ಬರೇ, ಎಲ್ಲರಿಗಿಂತ ಚಿಕ್ಕವರು ಕೂಡ. 1947ರ ಬೇಸಿಗೆಯಲ್ಲಿ ಡಾರ್ಟಿಂಗ್ಟನ್‌ನಲ್ಲಿ 'ಬ್ರೈನಿನ್ ಕ್ವಾರ್ಟೆಟ್' ಅನ್ನೋ ಹೆಸರಲ್ಲಿ ನುಡಿಸಿದರು. ಅಲ್ಲಿ ಕಲಿಸುತ್ತಿದ್ದವರು ಇಮೋಜೆನ್ ಹೋಲ್ಸ್ಟ್, ಸಂಗೀತಗಾರ ಗುಸ್ಟಾವ್ ಹೋಲ್ಸ್ಟ್ ಅವರ ಮಗಳು. ಕೇಳಿ ಎಷ್ಟು ಮೆಚ್ಚಿದರು ಅಂದರೆ, ವಿಗ್ಮೋರ್ ಹಾಲ್ ಬಾಡಿಗೆಗೆ ಹಿಡಿಯೋಕೆ 100 ಪೌಂಡ್ ಕೊಟ್ಟರು. 1948ರ ಜನವರಿ 10ರಂದು ಕಛೇರಿ. ಅಷ್ಟರಲ್ಲಿ ಹೆಸರು ಅಮೇಡಿಯಸ್ ಆಗಿತ್ತು, ಮೊಟ್ಸಾರ್ಟ್‌ನ ಹೆಸರಿನಿಂದ ತಗೊಂಡದ್ದು. ಸೂಚಿಸಿದವರು ನಿಸೆಲ್. ಹಾಲ್ ತುಂಬಿ ಜನ ವಾಪಸ್ ಹೋದರು. ಲವೆಟ್‌ಗೆ ಆಗ ಬರೀ 20 ವರ್ಷ.

ಅಲ್ಲಿಂದ ಶುರುವಾದದ್ದು 40 ವರ್ಷ ಅದೇ ನಾಲ್ವರಿಂದ ನಡೀತು. ಒಬ್ಬರೂ ಬದಲಾಗಲಿಲ್ಲ. ಡಾಯ್ಚೆ ಗ್ರಾಮೋಫೋನ್ ಅನ್ನೋ ಜರ್ಮನ್ ರೆಕಾರ್ಡ್ ಕಂಪನಿಗೆ ರಾಶಿ ರಾಶಿ ರೆಕಾರ್ಡ್ ಮಾಡಿದರು. ಹೇಡನ್, ಮೊಟ್ಸಾರ್ಟ್, ಬೀಥೋವನ್, ಶೂಬರ್ಟ್, ಬ್ರಾಮ್ಸ್. ತಮ್ಮನ್ನು ಓಡಿಸಿದ ಭಾಷೆಯವರ ಊರುಗಳಿಗೇ ಹೋಗಿ ನುಡಿಸಿದರು. ಜರ್ಮನಿಯಲ್ಲಿ ಅವರಿಗೆ ಸಿಕ್ಕ ಪ್ರೀತಿ ಬೇರೆ ಎಲ್ಲೂ ಸಿಕ್ಕಿರಲಿಕ್ಕಿಲ್ಲ. ನನಗೆ ಇದು ಇವತ್ತಿಗೂ ದೊಡ್ಡ ಸಂಗತಿ ಅನ್ನಿಸುತ್ತದೆ.

ವೇದಿಕೆಯ ಮೇಲಿನದ್ದು ಎಲ್ಲರಿಗೂ ಕಾಣುತ್ತೆ. ಕಾಣದ್ದು ಹೇಳುತ್ತೇನೆ. ಎರಡನೇ ವಯೋಲಿನ್‌ನ ನಿಸೆಲ್ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಯಾವ ಊರು, ಯಾವ ತಾರೀಕು, ಎಷ್ಟು ದುಡ್ಡು, ಯಾರಿಗೆ ಪತ್ರ ಬರೆಯಬೇಕು, ಎಲ್ಲ ಅವರದೇ. ಅಭ್ಯಾಸದಲ್ಲಿ ಜೋರು ಜಗಳ ಆಗುತ್ತಿತ್ತಂತೆ. ಜಗಳ ಆದರೂ ಮಾರನೇ ದಿನ ರೈಲು ಹತ್ತಬೇಕಲ್ಲ, ಆ ಟಿಕೆಟ್ ಒಬ್ಬರ ಜೇಬಿನಲ್ಲಿ ಇರಬೇಕು. ನಿಮ್ಮ ಗುಂಪಿನಲ್ಲಿ ಆ ಕೆಲಸ ಯಾರದು? ಅವರು ಬೇಸತ್ತಿದ್ದಾರಾ ಅಂತ ಒಂದು ಸಲ ಕೇಳಿ. ವಿಯೋಲಾ ಇಲ್ಲದಿದ್ದರೆ ಗುಂಪು ಕುಂಟುತ್ತೆ. ಆ ಕೆಲಸದವರು ಬಿಟ್ಟರೆ ಗುಂಪೇ ಇರಲ್ಲ.

ಇನ್ನು ಬ್ರಿಟೆನ್ ವಿಷಯ ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನ ಸಂಗೀತಗಾರ ಬೆಂಜಮಿನ್ ಬ್ರಿಟೆನ್ ತನ್ನ ಮೂರನೇ ಕ್ವಾರ್ಟೆಟ್ ಬರೆದದ್ದು 1975ರ ಕೊನೆಯಲ್ಲಿ, ಇವರಿಗೋಸ್ಕರ. ಹೃದಯದ ಆಪರೇಷನ್ ಆಗಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ಕೊನೆಯ ಭಾಗವನ್ನು ವೆನಿಸ್‌ನಲ್ಲಿ ಮುಗಿಸಿದರು. ಮಾರನೇ ವರ್ಷ ಅಮೇಡಿಯಸ್‌ನವರು ಆಲ್ಡ್‌ಬರಾದ ಅವರ ಮನೆಗೆ ಹೋಗಿ ಅವರ ಎದುರೇ ನುಡಿಸಿ ತಿದ್ದಿಸಿಕೊಂಡರು. 1976ರ ಡಿಸೆಂಬರ್ 4ರಂದು ಬ್ರಿಟೆನ್ ತೀರಿಹೋದರು. ಡಿಸೆಂಬರ್ 19ಕ್ಕೆ ಸ್ನೇಪ್‌ನಲ್ಲಿ ಇವರು ಅದನ್ನು ಮೊದಲ ಬಾರಿ ಜನರ ಮುಂದೆ ನುಡಿಸಿದರು. ಸ್ನೇಪ್ ಹಾಲ್ ಮೊದಲು ಬಾರ್ಲಿ ಮೊಳಕೆ ಬರಿಸುವ ಕಟ್ಟಡವಾಗಿತ್ತು. ಬ್ರಿಟೆನ್‌ರೇ ನಿಂತು ಅದನ್ನು ಕಛೇರಿ ಹಾಲ್ ಮಾಡಿಸಿದ್ದು. ಬರೆದವರು ಹೋಗಿ ಸರಿಯಾಗಿ ಹದಿನೈದೇ ದಿನ. ಅದರ ಮಧ್ಯದ ಭಾಗ ಕೇಳಿ. ಮೊದಲ ವಯೋಲಿನ್ ಒಂಟಿಯಾಗಿ ಮೇಲೆ ಮೇಲೆ ಹೋಗುತ್ತದೆ, ಉಳಿದವು ಒಂದೊಂದಾಗಿ ಕೆಳಗಿನಿಂದ ಹತ್ತುತ್ತಾ ಅದಕ್ಕೆ ಆಸರೆ ಕೊಡುತ್ತವೆ. ನಾಲ್ಕೇ ವಾದ್ಯದಲ್ಲಿ ಇಷ್ಟು ಜಾಗ ಇದೆಯಾ ಅನ್ನಿಸುತ್ತೆ.

1987ರ ಆಗಸ್ಟ್‌ನಲ್ಲಿ ಶಿಡ್ಲಾಫ್‌ಗೆ ಹೃದಯಾಘಾತ ಆಯಿತು. 65 ವರ್ಷ. ಉಳಿದ ಮೂವರು ಅಮೇಡಿಯಸ್ ಕ್ವಾರ್ಟೆಟ್ ಅನ್ನೋ ಹೆಸರಲ್ಲಿ ಮತ್ತೆ ನುಡಿಸಲಿಲ್ಲ. ಪಾಠ ಹೇಳಿದರು, ಬೇರೆಯವರ ಜೊತೆ ನುಡಿಸಿದರು. ಆ ಹೆಸರು ಮಾತ್ರ ಅಲ್ಲಿಗೇ ನಿಂತಿತು.

ಯಾಕೆ? ನನ್ನ ಅಭಿಪ್ರಾಯ ಹೇಳುತ್ತೇನೆ. ಆಗ ಬ್ರೈನಿನ್‌ಗೆ 64, ನಿಸೆಲ್‌ಗೆ 65, ಲವೆಟ್‌ಗೆ 60. ಹೊಸಬರು ಬಂದರೆ ಬೀಥೋವನ್‌ನ ಹದಿನಾರೂ ಕ್ವಾರ್ಟೆಟ್, ಮೊಟ್ಸಾರ್ಟ್, ಹೇಡನ್, ಎಲ್ಲವನ್ನೂ ಮೊದಲಿನಿಂದ ಕೂಡಿಸಬೇಕು. ಎಲ್ಲಿ ಉಸಿರು ತಗೊಳ್ಳಬೇಕು, ಎಲ್ಲಿ ಕಮಾನು ತಿರುಗಿಸಬೇಕು, ಪ್ರತಿಯೊಂದೂ. ಜೊತೆಗೆ ಬ್ರೈನಿನ್, ನಿಸೆಲ್, ಶಿಡ್ಲಾಫ್ ಒಬ್ಬರೇ ಗುರುವಿನ ಶಿಷ್ಯರು, ಕ್ಯಾಂಪಿನ ಕಷ್ಟ ಉಂಡವರು. ಹೊರಗಿನಿಂದ ಬಂದವರಿಗೆ ಅದನ್ನು ಯಾರು ಹೇಳಿಕೊಡೋದು? ಅವರು ನಿಲ್ಲಿಸಿದ್ದು ನೂರಕ್ಕೆ ನೂರು ಸರಿ.

ನೀವು ಹಾಗೆ ಮಾಡಿದರೆ ನೂರಕ್ಕೆ ನೂರು ತಪ್ಪು. ಅವರ ಕೊನೆಯನ್ನು ನೋಡಿ ನಕಲು ಮಾಡಬೇಡಿ. ನಕಲು ಮಾಡೋದಾದರೆ ಶುರುವನ್ನು ಮಾಡಿ. ಅವರಿಗೂ ವಿಯೋಲಾ ಸಿಕ್ಕಿರಲಿಲ್ಲ. ಒಬ್ಬ ವಯೋಲಿನ್‌ನವರು ಎದ್ದು ವಿಯೋಲಾ ತಗೊಂಡರು. ಬೆಂಗಳೂರಿನಲ್ಲಿ ವಿಯೋಲಾದವರು ಸಿಗೋದು ಕಷ್ಟ ಅಂದಿರಲ್ಲ, ವಯೋಲಿನ್‌ನವರು ಸಿಗೋದು ಕಷ್ಟ ಅಲ್ಲ. ನಿಮ್ಮ ಎರಡನೇ ವಯೋಲಿನ್‌ನವರು ವಿಯೋಲಾಗೆ ಬರಲಿ. ಹೊಸ ವಯೋಲಿನ್ ಒಬ್ಬರನ್ನು ಹುಡುಕಿ. ಬುಡಾಪೆಸ್ಟ್ ಕ್ವಾರ್ಟೆಟ್‌ನ ಬೊರಿಸ್ ಕ್ರೊಯ್ಟ್ ಕೂಡ ಮೊದಲು ವಯೋಲಿನ್‌ನವರೇ. ಮೊಟ್ಸಾರ್ಟ್‌ಗಂತೂ ಗೆಳೆಯರ ಜೊತೆ ಕ್ವಾರ್ಟೆಟ್‌ಗೆ ಕೂತರೆ ವಿಯೋಲಾನೇ ಬೇಕು. ವಿಯೆನ್ನಾದಲ್ಲಿ ಒಂದು ಸಂಜೆ ಹೇಡನ್ ಮೊದಲ ವಯೋಲಿನ್, ಡಿಟರ್ಸ್‌ಡಾರ್ಫ್ ಎರಡನೆಯದು, ವಾನ್ಹಾಲ್ ಚೆಲ್ಲೋ, ಮೊಟ್ಸಾರ್ಟ್ ವಿಯೋಲಾ. ಅಂಥವನೇ ಮಧ್ಯದ ಕುರ್ಚಿ ಆರಿಸಿಕೊಂಡಿದ್ದ.

ಪಿಟೀಲು_ಮೇಷ್ಟ್ರು ಉತ್ತರ:

ಲಂಡನ್ ಅಮ್ಮನವರು ಹೇಳಿದ್ದು ಕೇಳಿ ಖುಷಿಯಾಯಿತು. ನಾನು ಹಾಸನದಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಸುವವನು. ಕ್ವಾರ್ಟೆಟ್ ನನ್ನ ಕ್ಷೇತ್ರ ಅಲ್ಲ, ಕೇಳಿ ಇಷ್ಟಪಡುತ್ತೇನೆ ಅಷ್ಟೇ.

ನಮ್ಮ ಕಡೆ ಪಕ್ಕವಾದ್ಯದವರು ಪ್ರತಿ ಕಛೇರಿಗೂ ಬದಲಾಗುತ್ತಾರೆ. ವೇದಿಕೆ ಮೇಲೇ ಮೊದಲ ಸಲ ಮುಖ ನೋಡಿಕೊಂಡು ನುಡಿಸಿದ್ದೂ ಉಂಟು, ಕಛೇರಿ ಚೆನ್ನಾಗಿಯೇ ಆಗುತ್ತದೆ. ಹಾಗಾಗಿ ನಾಲ್ಕು ಜನ ನಲವತ್ತು ವರ್ಷ ಅಂದಾಗ ನನಗೆ ಮೊದಲು ಅರ್ಥವೇ ಆಗುತ್ತಿರಲಿಲ್ಲ. ಬರೆದಿಟ್ಟ ಸಂಗೀತ ತಾನೇ, ಯಾರು ನುಡಿಸಿದರೇನು ಅಂತ. ಒಂದೇ ಬೀಥೋವನ್ ಕೃತಿಯನ್ನು ಎರಡು ಬೇರೆ ಗುಂಪುಗಳಿಂದ ಒಂದಾದ ಮೇಲೊಂದು ಕೇಳಿದ ಮೇಲೆ ಗೊತ್ತಾಯಿತು. ಸ್ವರ ಅದೇ. ನಾಲ್ವರೂ ಒಟ್ಟಿಗೆ ತಗ್ಗಿಸುವ ರೀತಿ, ಒಟ್ಟಿಗೆ ಕಾಯುವ ರೀತಿ ಬೇರೆ. ಅದು ಕಾಗದದಲ್ಲಿ ಇರೋದಿಲ್ಲ. ನಮ್ಮಲ್ಲಿ ಮನೋಧರ್ಮ ಒಬ್ಬರದು, ಉಳಿದವರು ಹಿಂಬಾಲಿಸುತ್ತಾರೆ. ಅವರಲ್ಲಿ ನಾಲ್ವರಿಗೂ ಸೇರಿ ಒಂದೇ ಮನೋಧರ್ಮ ಬೆಳೀಬೇಕು. ಅದಕ್ಕೆ ವರ್ಷಗಳು ಬೇಕು.

ವಯೋಲಿನ್‌ನಿಂದ ವಿಯೋಲಾಗೆ ಹೋಗುವ ಬಗ್ಗೆ ನನಗೂ ಒಂದು ಮಾತು ಇದೆ. ನಮ್ಮ ಬಾಲಮುರಳಿಕೃಷ್ಣ ಅವರು ವಿಯೋಲಾ ನುಡಿಸುತ್ತಿದ್ದರು, ಗೊತ್ತಲ್ವಾ? ಹಾಗಾಗಿ ನಮ್ಮವರಿಗೂ ಅದು ತೀರಾ ಹೊಸದಲ್ಲ. ನನ್ನ ಒಬ್ಬ ಶಿಷ್ಯ ಬದಲಾಯಿಸಿಕೊಂಡ. ಎಡಗೈ ಬೇಗ ಹೊಂದಿಕೊಂಡಿತು, ಬೆರಳುಗಳ ಅಂತರ ಸ್ವಲ್ಪ ಜಾಸ್ತಿ ಅಷ್ಟೇ. ಕಷ್ಟವಾದದ್ದು ಬಲಗೈ. ಕೆಳಗಿನ ದಪ್ಪ ತಂತಿ ತಕ್ಷಣ ಮಾತಾಡುವುದಿಲ್ಲ. ವಯೋಲಿನ್ ಹಾಗೆ ಕಮಾನನ್ನು ಓಡಿಸಿದರೆ ಬರೀ ಗಾಳಿ ಸದ್ದು. ನಿಧಾನ ಮಾಡಬೇಕು, ತೋಳಿನ ಭಾರ ಬಿಡಬೇಕು.

ವಿಷಯಕ್ಕೆ ಸ್ವಲ್ಪ ಹೊರಗೆ: 1948 ಅಂದಾಗ ನೆನಪಾಯಿತು. ಅದೇ ವರ್ಷ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು ನಮ್ಮ ಜಯಚಾಮರಾಜ ಒಡೆಯರು. ರಷ್ಯಾದ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟವರೂ ಅವರೇ. ಆ ಊರಿನ ಆ ಕಾಲದ ಸಂಗೀತದಲ್ಲಿ ಮೈಸೂರಿನ ಪಾಲೂ ಇತ್ತು ಅನ್ನೋದು ನಮ್ಮ ಹುಡುಗರಿಗೆ ತಿಳಿದಿರಲಿ.

ಚೆಲ್ಲೋ_ಮಲ್ಲೇಶ್ವರ:

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ, ನಿಮ್ಮ ಉತ್ತರವನ್ನು ಉಳಿದ ಇಬ್ಬರಿಗೂ ಕಳಿಸಿದೆ. ಎಂ.ಎಸ್ಸಿ ಹುಡುಗಿಯೇ ನಮ್ಮ ಎರಡನೇ ವಯೋಲಿನ್. ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ, 'ಶಿಡ್ಲಾಫ್ ಮಾಡಬಹುದಾದರೆ ನಾನೂ ನೋಡ್ತೀನಿ' ಅಂದಳು. ಹೋದವನ ವಿಯೋಲಾ ಅವನ ಅಪ್ಪ-ಅಮ್ಮನ ಮನೆಯಲ್ಲೇ ಇದೆ, ಬಳಸಿಕೊಳ್ಳಿ ಅಂತ ಅವನೂ ಹೇಳಿದ. ಲೆಕ್ಕಪತ್ರ ನೋಡೋದು ಶಾಲೆಯ ಮೇಡಂ. ಬೇಸತ್ತಿದ್ದೀರಾ ಅಂತ ಕೇಳಿದೆ. 'ಕೇಳೋಕೆ ಇಷ್ಟು ದಿನ ಬೇಕಾಯ್ತಾ' ಅಂದರು. ಮುಂದಿನ ತಿಂಗಳಿಂದ ಚರ್ಚ್‌ಗಳ ಜೊತೆ ಮಾತಾಡೋದು ನನ್ನ ಪಾಲಿಗೆ ಬಂದಿದೆ.

ಇನ್ನೆರಡು ಪ್ರಶ್ನೆ. ಅವಳಿಗೆ ವಿಯೋಲಾದ ನೊಟೇಶನ್ ಓದೋಕೆ ಬರಲ್ಲ, ಆಲ್ಟೊ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು) ಹೊಸದು. ಎಷ್ಟು ದಿನ ಬೇಕಾಗುತ್ತೆ? ಹೊಸ ವಯೋಲಿನ್ ಸಿಗುವವರೆಗೆ, ಅವಳು ತಯಾರಾಗುವವರೆಗೆ ಭಾನುವಾರ ಏನು ನುಡಿಸೋದು? ಸುಮ್ನೆ ಕೂತರೆ ಗುಂಪು ಒಡೆದುಹೋಗುತ್ತೆ ಅನ್ನೋ ಭಯ ನನಗೆ.

ವೀಣೆಯಿಂದ_ವಿಯೋಲಾ:

ಅವಳಿಗೆ ನನ್ನ ಆಶೀರ್ವಾದ ತಿಳಿಸಿ. ಎಷ್ಟು ಸಂತೋಷ ಆಯಿತು ಅಂತ ಬರೆಯೋಕೆ ಬರಲ್ಲ.

ಆಲ್ಟೊ ಕ್ಲೆಫ್‌ನಲ್ಲಿ ಮಧ್ಯದ ಗೆರೆ ಅಂದರೆ ಮಿಡಲ್ ಸಿ. ಅದನ್ನು ಗಟ್ಟಿ ಹಿಡಿದುಕೊಂಡು ಅಲ್ಲಿಂದ ಮೇಲೆ ಕೆಳಗೆ ಎಣಿಸಲಿ. ವಯೋಲಿನ್ ಬೆರಳಿನ ಲೆಕ್ಕದಲ್ಲಿ ಊಹೆ ಮಾಡಿ ಓದುವ ಅಡ್ಡದಾರಿ ಕೆಲವರು ಹೇಳಿಕೊಡುತ್ತಾರೆ. ಬೇಡ. ಶಾರ್ಪ್, ಫ್ಲ್ಯಾಟ್ ಜಾಸ್ತಿ ಬಂದ ಕಡೆ ಅದು ಕೈ ಕೊಡುತ್ತೆ. ತಂತಿಗಳು ಸಿ, ಜಿ, ಡಿ, ಎ. ನಿಮ್ಮ ಚೆಲ್ಲೋದವೇ, ಒಂದು ಆಕ್ಟೇವ್ ಮೇಲೆ. ಹಾಗಾಗಿ ಶ್ರುತಿ ಮಾಡುವಾಗ ನೀವಿಬ್ಬರೂ ಒಟ್ಟಿಗೆ ಮಾಡಿ. ದಿನಾ ಓದಿದರೆ ಕೆಲವೇ ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತೆ. ನಾದ ಬರೋಕೆ ಅದಕ್ಕಿಂತ ತುಂಬಾ ಜಾಸ್ತಿ ಸಮಯ ಬೇಕು. ಮೇಷ್ಟ್ರು ಬಲಗೈ ಬಗ್ಗೆ ಹೇಳಿದ್ದನ್ನು ಅವಳು ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ಭಾನುವಾರಕ್ಕೆ: ಅವಳು ವಯೋಲಿನ್‌ನಲ್ಲಿ ಇರುವಷ್ಟು ದಿನ ಎರಡು ವಯೋಲಿನ್, ಒಂದು ಚೆಲ್ಲೋಗೆ ಬೇಕಾದಷ್ಟು ಸಂಗೀತ ಇದೆ. ಇಟಲಿಯ ಕೊರೆಲ್ಲಿಯ ಟ್ರಯೊ ಸೊನಾಟಾಗಳು. ಹೇಡನ್ ಕೂಡ ಎರಡು ವಯೋಲಿನ್, ಚೆಲ್ಲೋಗೆ ಟ್ರಯೊಗಳನ್ನು ಬರೆದಿದ್ದಾನೆ. ಅವಳು ವಿಯೋಲಾಗೆ ಬಂದ ಮೇಲೆ ವಯೋಲಿನ್, ವಿಯೋಲಾ, ಚೆಲ್ಲೋ ಮೂವರೇ ಬೀಥೋವನ್‌ನ ಓಪಸ್ 9ರ ಟ್ರಯೊಗಳನ್ನು ನೋಡಿ. ಕಷ್ಟ ಇವೆ, ಆದರೆ ನಿಧಾನದ ಭಾಗಗಳು ನಿಮ್ಮ ಕೈಗೆ ಸಿಗುತ್ತವೆ. ಅಲ್ಲಿ ವಿಯೋಲಾಗೆ ಅಡಗಿ ಕೂರಲು ಜಾಗ ಇಲ್ಲ. ಅವಳು ಬೇಗ ಬೆಳೀತಾಳೆ.

ಹೊಸ ವಯೋಲಿನ್‌ನವರು ಬಂದಾಗ ಒಂದು ಮಾತು ನೆನಪಿಡಿ. 'ಮೊದಲು ನಾವು ಇಲ್ಲಿ ಹೀಗೆ ಮಾಡುತ್ತಿದ್ದೆವು' ಅಂತ ಪ್ರತಿ ಸಾಲಿಗೂ ಹೇಳಬೇಡಿ. ಇಲ್ಲೊಂದು ಹವ್ಯಾಸಿ ಗುಂಪಿಗೆ ನಾನು ಹೊಸಬಳಾಗಿ ಸೇರಿದಾಗ ಅದೇ ಕೇಳಿ ಕೇಳಿ ಸಾಕಾಗಿ ಹೋಗಿತ್ತು. ಎಲ್ಲರಿಗೂ ಹೊಸದಾದ ಒಂದು ಕೃತಿ ಎತ್ತಿಕೊಳ್ಳಿ. ಹೇಡನ್‌ನ ಓಪಸ್ 33ರಲ್ಲಿ ಯಾವುದಾದರೂ ಆಗುತ್ತೆ. 'ಅಮೆರಿಕನ್' ಅನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಹಳೆ ಹುಡುಗನ ನೆನಪು ಅದರಲ್ಲಿ ಇನ್ನೂ ಹಸಿಯಾಗಿದೆ.

ಧಾರವಾಡ_ರೆಕಾರ್ಡ್ಸ್:

ಆ ಟ್ರಯೊಗಳ ನೊಟೇಶನ್ ಹಕ್ಕುಸ್ವಾಮ್ಯ ಮುಗಿದದ್ದು. ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತೆ, ಬಿಡಿ ಬಿಡಿ ಭಾಗಗಳೂ ಇರುತ್ತವೆ. ಪ್ರಿಂಟ್ ಹಾಕಿಸುವಾಗ ಪುಟ ತಿರುಗಿಸುವ ಜಾಗ ಎಲ್ಲಿ ಬರುತ್ತೆ ನೋಡಿ ಹಾಕಿಸಿ, ಇಲ್ಲದಿದ್ದರೆ ಓಡುವ ಸಾಲಿನ ಮಧ್ಯೆ ಕೈ ಬಿಡಬೇಕಾಗುತ್ತೆ.

ಶಿಡ್ಲಾಫ್ ವಾದ್ಯದ ಬಗ್ಗೆ ಮೇಡಂ ಹೇಳಲಿಲ್ಲ, ನಾನು ಸೇರಿಸುತ್ತೇನೆ. ಅವರದು 'ಮ್ಯಾಕ್‌ಡೊನಾಲ್ಡ್' ಅನ್ನೋ ವಿಯೋಲಾ, 1719ರ ಸುಮಾರಿಗೆ ಇಟಲಿಯ ಹೆಸರಾಂತ ವಾದ್ಯ ತಯಾರಕ ಸ್ಟ್ರಾಡಿವರಿ ಮಾಡಿದ್ದು. ಸ್ಟ್ರಾಡಿವರಿಯ ವಯೋಲಿನ್‌ಗಳು ನೂರಾರು ಉಳಿದಿವೆ, ವಿಯೋಲಾಗಳು ಹತ್ತರ ಆಸುಪಾಸು ಅಷ್ಟೇ. 2014ರಲ್ಲಿ ಅದನ್ನು ಮಾರಾಟಕ್ಕೆ ಇಟ್ಟಾಗ ಕೇಳಿದ ಕನಿಷ್ಠ ಬೆಲೆ 4.5 ಕೋಟಿ ಡಾಲರ್. ಆ ಬೆಲೆಗೆ ಯಾರೂ ಕೊಳ್ಳಲಿಲ್ಲ.

ವೀಣೆಯಿಂದ_ವಿಯೋಲಾ:

ವಾದ್ಯ ದೊಡ್ಡದೇ, ಒಪ್ಪಿದೆ. ಆದರೆ ಆ ವಾದ್ಯ ಅವರ ಕೈಗೆ ಬಂದದ್ದು 60ರ ದಶಕದಲ್ಲಿ. ಅದಕ್ಕೂ ಮುಂಚಿನ ರೆಕಾರ್ಡುಗಳನ್ನು ಹುಡುಗಿಗೆ ಕೇಳಿಸಿ. 1959ರಿಂದ 1963ರ ಒಳಗೆ ಬೀಥೋವನ್‌ನ ಎಲ್ಲ ಕ್ವಾರ್ಟೆಟ್‌ಗಳನ್ನೂ ಅವರು ರೆಕಾರ್ಡ್ ಮಾಡಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಬರೀ ವಿಯೋಲಾ ಹಿಂದೆ ಹೋಗಲಿ, ಬೇರೆ ಏನನ್ನೂ ಕೇಳೋದು ಬೇಡ. ಒಂದೊಂದು ಭಾಗ ಮುಗಿದ ಮೇಲೆ ಪುಸ್ತಕದಲ್ಲಿ ತನ್ನ ಸಾಲನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಲಿ, ಎಲ್ಲಿ ಮುಂದೆ ಬರಬೇಕು, ಎಲ್ಲಿ ಹಿಂದೆ ಸರೀಬೇಕು ಅಂತ.

ಚೆಲ್ಲೋ_ಮಲ್ಲೇಶ್ವರ:

ಕೊರೆಲ್ಲಿ ಇಳಿಸಿಕೊಂಡೆ, ಓಪಸ್ 3. ಮೂರು ಪ್ರತಿ ಪ್ರಿಂಟ್ ಹಾಕಿಸಿದ್ದೇನೆ. ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಕೂರುತ್ತೇವೆ. ಬೆಂಗಳೂರಿನಲ್ಲಿ ವಯೋಲಿನ್ ಚೆನ್ನಾಗಿ ನುಡಿಸುವ, ನೊಟೇಶನ್ ಓದಬಲ್ಲ, ವಾರಕ್ಕೆ ಒಂದು ಬೆಳಗ್ಗೆ ಬಿಡುವು ಇರುವ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಮಲ್ಲೇಶ್ವರಕ್ಕೆ ಮೆಟ್ರೊ ಇದೆ, ಕಾಫಿ ತಿಂಡಿ ನಮ್ಮ ಮನೆಯದು.